ಬಣ್ಣ ಕಳೆದುಕೊಂಡ ರೋಮ್

ಎಂಟನೇ ತರಗತಿಯ ಸಮಾಜ ವಿಜ್ಞಾನದಲ್ಲಿ ಗ್ರೀಸ್, ರೋಮ್ ನಾಗರಿಕತೆಗಳ ಪಾಠ ಬರುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಮಕ್ಕಳೂ ಅದನ್ನು ಓದುತ್ತಾರೆ, ಪರೀಕ್ಷೆಗೆ ಬರೆಯುತ್ತಾರೆ, ಮರೆಯುತ್ತಾರೆ. ಅವರಿಗೆ ನಿಜವಾದ ರೋಮನ್ ಶಿಲ್ಪವೊಂದನ್ನು ತೋರಿಸಲು ಇಟಲಿಗೇನೂ ಹೋಗಬೇಕಿಲ್ಲ. ಹುಬ್ಬಳ್ಳಿ, ಬೆಳಗಾವಿ ದಾಟಿ ಕೊಲ್ಹಾಪುರ ಮುಟ್ಟಿದರೆ ಸಾಕು. ಅಲ್ಲಿನ ಟೌನ್ ಹಾಲ್ ಮ್ಯೂಸಿಯಂನಲ್ಲಿ ಸಮುದ್ರದೇವತೆ ಪೊಸೈಡನ್‌ನ ಪುಟ್ಟ ಕಂಚಿನ ವಿಗ್ರಹವಿದೆ. 1940ರ ದಶಕದಲ್ಲಿ ಪಂಚಗಂಗೆಯ ದಂಡೆಯ ಬ್ರಹ್ಮಪುರಿ ದಿಬ್ಬವನ್ನು ಅಗೆದಾಗ ಸಿಕ್ಕಿದ್ದು. ಸಾತವಾಹನರ ಕಾಲದಲ್ಲಿ ಕಡಲು ದಾಟಿ, ಘಟ್ಟ ಹತ್ತಿ ಬಂದಿದ್ದು.

ಆದರೆ ಬಸ್ಸು ಹತ್ತುವ ಮೊದಲು ಇಲ್ಲಿಯೇ ಎರಡು ಕಡೆ ನಿಲ್ಲಬೇಕೆಂಬುದು ನನ್ನ ಹಟ.

ಮೊದಲು ಶಿರಸಿಯ ಮಾರಿಕಾಂಬೆಯ ಎದುರು. ರೋಮನ್ ಶಿಲ್ಪ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಬಿಳಿ ಅಮೃತಶಿಲೆ, ಗುಡ್ಡೆಯಿಲ್ಲದ ಖಾಲಿ ಕಣ್ಣು. ಅದು ರೋಮನ್ನರು ಕಂಡ ರೂಪವಲ್ಲ. ಅವರು ಕಲ್ಲಿಗೆ ಬಣ್ಣ ಹಚ್ಚುತ್ತಿದ್ದರು. ತುಟಿ, ಕೂದಲು, ಕಣ್ಣಗುಡ್ಡೆ, ಬಟ್ಟೆಯ ಅಂಚು ಎಲ್ಲಕ್ಕೂ. 1863ರಲ್ಲಿ ರೋಮ್ ಹತ್ತಿರ ಸಿಕ್ಕ ಅಗಸ್ಟಸ್ ಚಕ್ರವರ್ತಿಯ ಪ್ರತಿಮೆಯ ಮೇಲೆ ಕೆಂಪು, ನೀಲಿಯ ಕುರುಹು ಇನ್ನೂ ಉಳಿದಿತ್ತು. ಉಳಿದವುಗಳ ಬಣ್ಣವನ್ನು ಮಳೆ, ಮಣ್ಣು ತಿಂದುಹಾಕಿದವು. ಬೋಳು ಕಲ್ಲನ್ನೇ ಅಂದವೆಂದುಕೊಂಡ ಯುರೋಪಿನ ಶಿಲ್ಪಿಗಳು ಮುಂದೆ ಹಾಗೆಯೇ ಕೆತ್ತಿದರು. ಇದನ್ನು ದೊಡ್ಡವರಿಗೆ ಒಪ್ಪಿಸುವುದೇ ಕಷ್ಟ. ಬಣ್ಣದ ಪ್ರತಿಮೆ ಅವರಿಗೆ ಅಗ್ಗವಾಗಿ ಕಾಣುತ್ತದೆ. ಶಿರಸಿಯ ಮಕ್ಕಳಿಗೆ ಆ ತೊಡಕಿಲ್ಲ. ಕೆಂಪು ಮೈಯ, ದೊಡ್ಡ ಕಣ್ಣಿನ ಮರದ ಅಮ್ಮನನ್ನು ಅವರು ಎರಡು ವರ್ಷಕ್ಕೊಮ್ಮೆ ಜಾತ್ರೆಯ ತೇರಿನಲ್ಲಿ ನೋಡಿದವರು. ಬಣ್ಣವಿಲ್ಲದ ಮಾರಿಕಾಂಬೆಯನ್ನು ಊಹಿಸಿಕೊಳ್ಳಿ ಎಂದರೆ ಸಾಕು, ಸಂಗ್ರಹಾಲಯದ ಬಿಳಿ ಕಲ್ಲು ಏನನ್ನು ಕಳೆದುಕೊಂಡಿದೆ ಎಂದು ಅವರಿಗೆ ತಿಳಿಯುತ್ತದೆ.

ಬೆತ್ತಲೆ ಮೂರ್ತಿ ಕಂಡು ಮಕ್ಕಳು ಕಿಸಕ್ಕನೆ ನಗುತ್ತಾರೆಂದು ಕೆಲವು ಮಾಸ್ತರರಿಗೆ ಮುಜುಗರ. ಶ್ರವಣಬೆಳಗೊಳಕ್ಕೆ ಪ್ರವಾಸ ಕರೆದೊಯ್ದವರೂ ಅವರೇ!

ಎರಡನೆಯ ನಿಲುಗಡೆ ಬನವಾಸಿ. ಮಧುಕೇಶ್ವರ ದೇವಾಲಯದ ಆವರಣದಲ್ಲಿ ಐದು ಹೆಡೆಯ ನಾಗನ ಕಲ್ಲೊಂದಿದೆ, ಅಂಚಿನಲ್ಲಿ ಪ್ರಾಕೃತ ಶಾಸನ. ಚುಟು ಅರಸರ ಕಾಲದ್ದು, ಅಂದರೆ ರೋಮನ್ ಸಾಮ್ರಾಜ್ಯ ಇನ್ನೂ ಬಲವಾಗಿದ್ದಾಗಿನದು. ಎರಡನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ಕುಳಿತು ಭೂಗೋಳ ಬರೆದ ಟಾಲೆಮಿಗೆ ಬನವಾಸಿಯ ಹೆಸರು ಗೊತ್ತಿತ್ತು. ಶಾಸನದ ಪ್ರಕಾರ ನಾಗವನ್ನೂ ಕೆರೆಯನ್ನೂ ವಿಹಾರವನ್ನೂ ಮಾಡಿಸಿದವಳು ರಾಜಕುಮಾರಿ ಶಿವಸ್ಕಂದನಾಗಶ್ರೀ. ಕೆತ್ತಿದವನು ನಟಕ, ಅವನ ಗುರುವಿನ ಹೆಸರೂ ಅಲ್ಲಿದೆ.

ಇಲ್ಲಿ ನನಗೆ ರೋಮ್ ತಿರುಗಿ ನೆನಪಾಗುತ್ತದೆ. ಅಲ್ಲಿನ ಗಣ್ಯರು ಹಿರಿಯರ ಮೇಣದ ಮುಖಗಳನ್ನು ಮನೆಯಲ್ಲಿ ಇಡುತ್ತಿದ್ದರು, ಶವಯಾತ್ರೆಯಲ್ಲಿ ಧರಿಸಿ ಹೋಗುತ್ತಿದ್ದರು. ನಮ್ಮ ಗೋಡೆಯ ಮೇಲೆ ಹಾರ ಹಾಕಿದ ಅಜ್ಜನ ಫೋಟೋ ಇದ್ದ ಹಾಗೆ. ಕಲ್ಲಿನಲ್ಲೂ ಸುಕ್ಕು, ಬೋಳುತಲೆ ಬಿಡದೆ ಕೆತ್ತಿಸಿದರು. ಮುಖ ಉಳಿಯಿತು; ಕೆತ್ತಿದವನ ಹೆಸರು ಬಹುಪಾಲು ಉಳಿಯಲಿಲ್ಲ. ಬನವಾಸಿಯಲ್ಲಿ ಹೆಸರುಗಳು ಉಳಿದಿವೆ, ಶಿವಸ್ಕಂದನಾಗಶ್ರೀಯ ಮುಖವಿಲ್ಲ.

ಇಷ್ಟು ನೋಡಿದ ಮೇಲೆ ಕೊಲ್ಹಾಪುರದ ಬಸ್ಸು ಹೊರಡಲಿ. ಪೊಸೈಡನ್ ಎದುರು ನಿಂತ ಹುಡುಗಿಯೊಬ್ಬಳು “ಅಕ್ಕೋರೇ, ಇದನ್ನ ಮಾಡಿದ್ದು ಯಾರು?” ಎಂದು ಕೇಳಿದರೆ ಅಕ್ಕೋರ ಬಳಿ ಉತ್ತರ ಇರಲಿಕ್ಕಿಲ್ಲ. ಆದರೆ ಆ ಪ್ರಶ್ನೆಯನ್ನು ಆಕೆ ಬನವಾಸಿಯಿಂದ ತಂದಿರುತ್ತಾಳೆ.