ನಾಯಿ ಮತ್ತು ಬೆಕ್ಕುಗಳಲ್ಲಿ ದೀರ್ಘಕಾಲಿಕ ವಾಂತಿ

ನಾಯಿ ಅಥವಾ ಬೆಕ್ಕು ಸುಮಾರು 3 ವಾರಗಳಿಗಿಂತ ಹೆಚ್ಚು ಕಾಲ ನಿರಂತರವಾಗಿ ಅಥವಾ ಬಿಟ್ಟುಬಿಟ್ಟು ವಾಂತಿ ಮಾಡುವುದನ್ನು ದೀರ್ಘಕಾಲಿಕ ವಾಂತಿ ಎನ್ನುತ್ತಾರೆ. ಇದು ಸ್ವತಂತ್ರ ರೋಗವಲ್ಲ. ಜಠರ, ಕರುಳು, ಮೂತ್ರಪಿಂಡ, ಯಕೃತ್ತು ಅಥವಾ ಹಾರ್ಮೋನು ಗ್ರಂಥಿಗಳ ಕಾಯಿಲೆಯ ಲಕ್ಷಣ. ವಾಂತಿ ನಿಲ್ಲಿಸುವ ಚುಚ್ಚುಮದ್ದನ್ನಷ್ಟೇ ಪದೇ ಪದೇ ಕೊಡಿಸಿದರೆ ಮೂಲ ಕಾಯಿಲೆ ಮರೆಯಲ್ಲಿಯೇ ಬೆಳೆಯುತ್ತದೆ.

ವಾಂತಿಯೋ, ಅನ್ನನಾಳದ ದೋಷವೋ

ವಾಂತಿಗೆ ಮುನ್ನ ಪ್ರಾಣಿಯು ಜೊಲ್ಲು ಸುರಿಸಿ ಓಕರಿಸುತ್ತದೆ, ಹೊಟ್ಟೆ ಹಿಂಡಿದಂತಾಗುತ್ತದೆ. ಅನ್ನನಾಳದ ದೋಷವಿದ್ದರೆ ಈ ಪ್ರಯಾಸವಿಲ್ಲದೆ, ತಿಂದದ್ದು ಜೀರ್ಣವಾಗದೆ ಹೊರಬೀಳುತ್ತದೆ. ಮೊಬೈಲಿನಲ್ಲಿ ಚಿತ್ರೀಕರಿಸಿ ವೈದ್ಯರಿಗೆ ತೋರಿಸಿದರೆ ಈ ವ್ಯತ್ಯಾಸ ಬೇಗನೆ ತಿಳಿಯುತ್ತದೆ.

ಖಾನಾಪುರ ತಾಲ್ಲೂಕಿನ ಹಳ್ಳಿಗಳಂತೆ ದನಕರುಗಳಿರುವ ಪರಿಸರದಲ್ಲಿ ಕಟ್ಟಿಹಾಕದೆ ಬಿಟ್ಟ ನಾಯಿಗಳ ವಿಷಯದಲ್ಲಿ ಸ್ಪೈರೊಸರ್ಕಾ ಲೂಪಿ ಎಂಬ ಹುಳುವನ್ನೂ ಗಮನದಲ್ಲಿಡಬೇಕು. ಇದರ ಮರಿಗಳು ಸಗಣಿ ಜೀರುಂಡೆಯಲ್ಲಿರುತ್ತವೆ. ಆ ಜೀರುಂಡೆಯನ್ನಾಗಲಿ, ಅದನ್ನು ತಿಂದ ಕೋಳಿ, ಹಲ್ಲಿ, ಇಲಿಗಳನ್ನಾಗಲಿ ತಿಂದ ನಾಯಿಗೆ ಸೋಂಕು ತಗಲುತ್ತದೆ. ಹುಳುಗಳು ಅನ್ನನಾಳದ ಗೋಡೆಯಲ್ಲಿ ಗಂಟುಗಳನ್ನು ಉಂಟುಮಾಡುತ್ತವೆ, ಕೆಲವು ಗಂಟುಗಳು ಕ್ಯಾನ್ಸರ್ ಆಗಿ ಮಾರ್ಪಡುತ್ತವೆ. ಮೊಟ್ಟೆಗಳು ಪ್ರತಿದಿನವೂ ಮಲದಲ್ಲಿ ಬಾರದ ಕಾರಣ ಒಂದೇ ಮಲಪರೀಕ್ಷೆಯನ್ನು ನಂಬುವಂತಿಲ್ಲ. ಎಕ್ಸ್-ರೇ ಮತ್ತು ಎಂಡೋಸ್ಕೋಪಿ ಹೆಚ್ಚು ಖಚಿತ. ಕೋಳಿಯ ಹಸಿ ಕರುಳುಗಳನ್ನು ನಾಯಿಗೆ ಹಾಕದಿರುವುದು ಸುಲಭವಾದ ಮುನ್ನೆಚ್ಚರಿಕೆ.

ಇತರ ಕಾರಣಗಳು

ಆಹಾರದ ಅಸಹಿಷ್ಣುತೆ, ಕರುಳಿನ ಉರಿಯೂತ, ನುಂಗಿದ ಬಟ್ಟೆ ಅಥವಾ ಮೂಳೆ, ಗಡ್ಡೆ, ಮೂತ್ರಪಿಂಡದ ವೈಫಲ್ಯ ಎರಡೂ ಪ್ರಾಣಿಗಳಲ್ಲಿ ಕಾಣುತ್ತವೆ. ಉಣ್ಣೆ ಕಚ್ಚುವುದರಿಂದ ಹರಡುವ ಎರ್ಲಿಕಿಯೋಸಿಸ್ ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲದು. ಬೆಕ್ಕಿನ ವಾಂತಿಯನ್ನೆಲ್ಲ ಕೂದಲುಂಡೆಯ ಮೇಲೆ ಹಾಕುವುದು ರೂಢಿ. ಆದರೆ ತೂಕವೂ ಇಳಿಯುತ್ತಿದ್ದರೆ ಕರುಳಿನ ರೋಗ, ವಯಸ್ಸಾದ ಬೆಕ್ಕಿನಲ್ಲಿ ಥೈರಾಯ್ಡ್ ಗ್ರಂಥಿಯ ಅತಿಚಟುವಟಿಕೆಯನ್ನು ಶಂಕಿಸಬೇಕು.

ಪತ್ತೆ ಮತ್ತು ಚಿಕಿತ್ಸೆ

ರಕ್ತ, ಮೂತ್ರ, ಮಲ ಪರೀಕ್ಷೆಗಳ ನಂತರ ಎಕ್ಸ್-ರೇ ಹಾಗೂ ಅಲ್ಟ್ರಾಸೌಂಡ್ ಮಾಡಲಾಗುತ್ತದೆ. ಇವುಗಳಲ್ಲಿ ಕಾರಣ ಸಿಗದಿದ್ದರೆ, ಪ್ರಾಣಿಯ ಸ್ಥಿತಿ ಸ್ಥಿರವಾಗಿರುವಾಗ, ಕನಿಷ್ಠ 2 ವಾರಗಳ ಆಹಾರ ಪ್ರಯೋಗ ನಡೆಸುತ್ತಾರೆ. ಹಿಂದೆ ತಿನ್ನದ ಪ್ರೋಟೀನನ್ನು ಅಥವಾ ಪ್ರೋಟೀನನ್ನು ಸಣ್ಣ ತುಣುಕುಗಳಾಗಿ ಒಡೆದು ತಯಾರಿಸಿದ ಆಹಾರವನ್ನು ಮಾತ್ರ ಕೊಡಬೇಕು. ಸದಾ ಕೋಳಿ ತಿಂದ ನಾಯಿಗೆ ಕೋಳಿ-ಅನ್ನ ಪ್ರಯೋಗವಾಗದು. ಹಾಲು, ಬಿಸ್ಕತ್ತು, ರೊಟ್ಟಿಚೂರು, ಬೆಳಗಾವಿಯ ಮನೆಗಳಲ್ಲಾದರೆ ಒಂದು ತುತ್ತು ಕುಂದಾ ಕೂಡ ಪ್ರಯೋಗವನ್ನು ಕೆಡಿಸುತ್ತದೆ.

ಆಗಲೂ ವಾಂತಿ ನಿಲ್ಲದಿದ್ದರೆ ಎಂಡೋಸ್ಕೋಪಿ ಹಾಗೂ ಅಂಗಾಂಶ ಪರೀಕ್ಷೆ ಬೇಕಾಗುತ್ತದೆ. ಈ ಸೌಲಭ್ಯ ಎಲ್ಲೆಡೆ ಇಲ್ಲದ ಕಾರಣ ಗದಗ ಮುಂತಾದ ಪಶುವೈದ್ಯಕೀಯ ಕಾಲೇಜುಗಳಲ್ಲಿ ಮೊದಲೇ ವಿಚಾರಿಸಿಕೊಳ್ಳುವುದು ಒಳಿತು.

ಚಿಕಿತ್ಸೆ ಕಾರಣವನ್ನು ಅವಲಂಬಿಸಿದೆ. ಸ್ಪೈರೊಸರ್ಕಾಗೆ ಡೊರಾಮೆಕ್ಟಿನ್, ಕರುಳಿನ ಉರಿಯೂತಕ್ಕೆ ಪ್ರೆಡ್ನಿಸೊಲೋನ್, ಕೊರತೆಯಿದ್ದರೆ ಬಿ12 ಜೀವಸತ್ವ ಬಳಕೆಯಲ್ಲಿವೆ. ಮಾರೋಪಿಟಂಟ್ ವಾಂತಿಯನ್ನು ತಡೆಯುತ್ತದೆ. ಕರುಳು ಕಟ್ಟಿಕೊಂಡಿದ್ದರೆ ಮೆಟೊಕ್ಲೋಪ್ರಮೈಡ್ ಅಪಾಯಕಾರಿ. ಬೆಕ್ಕಿಗೆ ಪ್ಯಾರಾಸಿಟಮಾಲ್ ವಿಷ, ಒಂದು ಮಾತ್ರೆಯೂ ಕೊಲ್ಲಬಲ್ಲದು. ರಕ್ತವಾಂತಿ, ಉಬ್ಬಿದ ಹೊಟ್ಟೆ ಅಥವಾ ನೀರೂ ನಿಲ್ಲದ ಸ್ಥಿತಿ ಕಂಡುಬಂದರೆ, ಹಾಗೂ ಬೆಕ್ಕು ಒಂದೆರಡು ದಿನ ಏನನ್ನೂ ತಿನ್ನದಿದ್ದರೆ, ಅದೇ ದಿನ ವೈದ್ಯರಲ್ಲಿಗೆ ಒಯ್ಯಬೇಕು.