ಹದಿನೇಳು ವರ್ಷ ಉರಿದ ಸಿಗರೇಟು

ಸೋಫಾದಲ್ಲಿ ಕೂತು ಸಿಗರೇಟು ಹಚ್ಚಿದ. ಎರಡು ದಮ್ ಎಳೆದ. ನಿದ್ದೆ ಹತ್ತಿತು. ಕೈಯಿಂದ ಜಾರಿದ ಸಿಗರೇಟು ಕುಶನ್ನಿನಲ್ಲಿ ಸದ್ದಿಲ್ಲದೆ ಹೊಗೆಯಾಡಿ, ನಡುರಾತ್ರಿ ಬೆಂಕಿಯಾಯಿತು. ಈ ಶತಮಾನದ ಆರಂಭದಲ್ಲೂ ಅಮೆರಿಕದಲ್ಲಿ ಸಿಗರೇಟಿನ ಬೆಂಕಿಗೆ ವರ್ಷಕ್ಕೆ 700ರಿಂದ 900 ಜನ ಬಲಿಯಾಗುತ್ತಿದ್ದರು. ಸತ್ತವರೆಲ್ಲ ಸೇದುವವರೇ ಅಂದುಕೊಳ್ಳಬೇಡಿ. ಪಕ್ಕದ ಕೋಣೆಯಲ್ಲಿ ಮಲಗಿದ್ದ ಮಕ್ಕಳೂ ಇದ್ದರು.

1979ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ವೆಸ್ಟ್‌ವುಡ್‌ನಲ್ಲಿ ಇಂಥದೇ ಬೆಂಕಿಗೆ ಅಪ್ಪ, ಅಮ್ಮ, ಐದು ಮಕ್ಕಳು ಸತ್ತರು. ಅಲ್ಲಿನ ಸಂಸದ ಜೋ ಮೋಕ್ಲಿ ಕೇಳಿದ್ದು ಸರಳ ಪ್ರಶ್ನೆ: ಸೇದದೆ ಬಿಟ್ಟರೆ ತಾನೇ ಆರಿಹೋಗುವ ಸಿಗರೇಟು ಮಾಡೋಕಾಗಲ್ವಾ?

1984ರಲ್ಲಿ ಅಮೆರಿಕದ ಸಂಸತ್ತು ಅಧ್ಯಯನಕ್ಕೆ ಕಾನೂನು ಮಾಡಿತು. 1987ರಲ್ಲಿ ತಜ್ಞರ ಉತ್ತರ ಬಂತು: ತಾಂತ್ರಿಕವಾಗಿ ಸಾಧ್ಯ.

ನಾನು ಓದಿದ್ದು ಇಂಜಿನಿಯರಿಂಗ್. ಈ ತಂತ್ರ ನೋಡಿದರೆ ನಗು ಬರುತ್ತೆ, ಅಷ್ಟು ಸುಲಭ. ಸಿಗರೇಟಿನ ಕಾಗದಕ್ಕೆ ಎರಡು ಮೂರು ಕಡೆ ಗಾಳಿಯಾಡದ ಪಟ್ಟಿ ಹಾಕೋದು. ರಸ್ತೆಯ ಹಂಪ್ ಇದ್ದ ಹಾಗೆ. ಎಳೆಯುತ್ತಿದ್ದರೆ ಕಿಡಿ ದಾಟುತ್ತೆ. ಬಿಟ್ಟರೆ ಆಮ್ಲಜನಕ ಸಾಲದೆ ಅಲ್ಲೇ ಆರುತ್ತೆ.

ಮತ್ತೆ ತಡ ಯಾಕಾಯ್ತು? ಸಿಗರೇಟು ಉದ್ಯಮ ಬೊಟ್ಟು ಮಾಡಿದ್ದು ಸೋಫಾದ ಕಡೆಗೆ. ಸಿಗರೇಟು ಬದಲಿಸಬೇಡಿ, ಪೀಠೋಪಕರಣಕ್ಕೆ ಬೆಂಕಿ ಹಿಡಿಯದ ಹಾಗೆ ಮಾಡಿ ಎಂಬ ವಾದ. ಅಗ್ನಿಶಾಮಕ ಸಂಘಟನೆಗಳಿಗೂ ಉದ್ಯಮದ ದುಡ್ಡು ಹರಿಯಿತು. ವಾಷಿಂಗ್ಟನ್ ಕೈಕಟ್ಟಿ ಕೂತಿತು.

ಕೊನೆಗೆ ಎದ್ದು ನಿಂತಿದ್ದು ಒಂದು ರಾಜ್ಯ. ನ್ಯೂಯಾರ್ಕ್ 2000ದಲ್ಲಿ ಕಾನೂನು ಮಾಡಿ, 2004ರ ಜೂನ್ 28ರಿಂದ ಜಾರಿಗೆ ತಂದಿತು. ನಿಯಮ ಏನು? ಫಿಲ್ಟರ್ ಪೇಪರ್‌ನ 10 ಪದರದ ಮೇಲೆ 40 ಸಿಗರೇಟು ಹಚ್ಚಿಡಬೇಕು. ಕೊನೇತನಕ ಉರಿಯುವುದು 10ಕ್ಕಿಂತ ಹೆಚ್ಚಿರಬಾರದು. ಅಷ್ಟೇ ಕಣ್ರೀ! ಸಿಗರೇಟಿನ ವಿಷ ಇದರಿಂದ ಕಡಿಮೆಯಾಗಲ್ಲ, ಅಪಾಯ ಪೂರ್ತಿ ಹೋಗೋದೂ ಇಲ್ಲ. ಆದರೆ ಮನೆ ಸುಡುವ ಸಾಧ್ಯತೆ ಇಳಿಯುತ್ತೆ.

ಒಂದು ರಾಜ್ಯ ಮಾಡಿ ತೋರಿಸಿದ ಮೇಲೆ 'ಆಗಲ್ಲ' ಅನ್ನೋರ ಬಾಯಿ ಕಟ್ಟಿತು. 2005ರಲ್ಲಿ ಕೆನಡಾ ಇಡೀ ದೇಶಕ್ಕೇ ನಿಯಮ ತಂದಿತು. 2011ರ ಹೊತ್ತಿಗೆ ಅಮೆರಿಕದ 50 ರಾಜ್ಯಗಳಲ್ಲೂ ಕಾನೂನು ಬಂತು. ಮೋಕ್ಲಿ ಇದನ್ನು ನೋಡಲಿಲ್ಲ. 2001ರಲ್ಲೇ ತೀರಿಕೊಂಡಿದ್ದರು.

1987ರಿಂದ 2004. ಉತ್ತರ ಕೈಯಲ್ಲಿದ್ದೂ ಕಳೆದ 17 ವರ್ಷ. ಯಾವುದೇ ಉದ್ಯಮ 'ತಾಂತ್ರಿಕ ತೊಂದರೆ' ಅಂದಾಗ ನಾನು ಕೇಳೋದು ಇಷ್ಟೇ: ತೊಂದರೆ ತಂತ್ರದ್ದಾ ಸ್ವಾಮಿ, ಮನಸ್ಸಿನದ್ದಾ?