ಹೂಪಾತಿಯ ಕಟ್ಟೆಯಲ್ಲಿ ಒಂದು ಹಳೆಯ ಕಲ್ಲು

ಹೈದರಾಬಾದಿನಲ್ಲಿ ಮನೆ ಕಟ್ಟಿಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಈಚೆಗೆ ದೂರವಾಣಿಯಲ್ಲಿ ಮಾತನಾಡುತ್ತ, "ಗುರುಗಳೇ, ಅಂಗಳದ ಹೂಪಾತಿಗೆ ನಮ್ಮ ಕಡೆಯ ಕಲ್ಲಿನಿಂದಲೇ ಚೆಂದದ ಕಟ್ಟೆ ಕಟ್ಟಿಸಬೇಕೆಂದಿದ್ದೇನೆ. ಯಾವುದಾದರೂ ಹಾಳುಗುಡಿಯ ಕೆತ್ತನೆಯ ಕಲ್ಲು ಸಿಕ್ಕರೆ ನಡುವೆ ಕೂರಿಸಬಹುದಲ್ಲವೇ?" ಎಂದು ಕೇಳಿದನು. ಆಗ ನಾನು ಸರಿಯಾಗಿ ಉತ್ತರಿಸಲಿಲ್ಲ. ಆ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ಸ್ವಲ್ಪ ಇತಿಹಾಸವಿದೆ. ನನ್ನದೊಂದು ತಪ್ಪೊಪ್ಪಿಗೆಯೂ ಇದೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳ ನೆಲದಡಿಯಲ್ಲಿ ಇರುವುದು ಸುಣ್ಣಕಲ್ಲು. ಭೂವಿಜ್ಞಾನಿಗಳು ಇದನ್ನು ಭೀಮಾ ಶಿಲಾಸಮೂಹಕ್ಕೆ ಸೇರಿಸುತ್ತಾರೆ. ಚಿಂಚೋಳಿಯ ಕಡೆಗೆ ಹೋದಂತೆ ಇದರ ಮೇಲೆ ಕಪ್ಪು ಬಸಾಲ್ಟ್ ಕಲ್ಲು, ಅಲ್ಲಲ್ಲಿ ಕೆಂಪು ಜಂಬಿಟ್ಟಿಗೆ ಕಾಣಿಸಿಕೊಳ್ಳುತ್ತವೆ. ಕೋಟ್ಯಂತರ ವರ್ಷಗಳ ಹಿಂದೆ ನೀರಿನ ತಳದಲ್ಲಿ ಪದರ ಪದರವಾಗಿ ಕೂತ ಈ ಕಲ್ಲು ಪುಸ್ತಕದ ಹಾಳೆಗಳಂತೆ ಬಿಡಿಸಿಕೊಳ್ಳುತ್ತದೆ. ಹಾರೆ, ಬೆಣೆ, ಸುತ್ತಿಗೆಗಳಿದ್ದರೆ ಸಾಕು, ಸಮತಟ್ಟಾದ ಹಾಸು ಮೇಲೇಳುತ್ತದೆ. ನಮ್ಮ ಹಿರಿಯರ ಮನೆಗಳ ಗೋಡೆ, ನೆಲ, ಮಾಳಿಗೆ, ಬಾವಿಕಟ್ಟೆ ಎಲ್ಲವೂ ಇದೇ ಕಲ್ಲಿನವು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ, ಅಂದರೆ ಸೇಡಂ ತಾಲ್ಲೂಕಿನ ಮಳಖೇಡ, ಕಾಗಿಣಾ ನದಿಯ ದಂಡೆಯಲ್ಲಿ ಇದೇ ಕಲ್ಲಿನ ಸೀಮೆಯಲ್ಲಿದೆ.

1871ರಲ್ಲಿ ಮುಂಬಯಿ-ಮದರಾಸು ರೈಲುಮಾರ್ಗವು ಈ ಭಾಗವನ್ನು ಹಾದುಹೋಯಿತು. 1874ರಲ್ಲಿ ನಿಜಾಮರ ರೈಲ್ವೆಯು ವಾಡಿಯಿಂದ ಸಿಕಂದರಾಬಾದಿಗೆ ಜೋಡಿಸಿತು. ಅಂದಿನಿಂದ ನಮ್ಮ ಕಲ್ಲು ದೂರದೂರುಗಳನ್ನು ಕಂಡಿತು. ಮಹಾರಾಷ್ಟ್ರದ ಮನೆಗಳಲ್ಲಿ ಇಂದಿಗೂ ಅದಕ್ಕೆ 'ಶಹಾಬಾದಿ ಫರಸಿ' ಎಂದೇ ಹೆಸರು. ಮುಂದೆ ಇದೇ ಸುಣ್ಣಕಲ್ಲನ್ನು ಸುಟ್ಟು ಸಿಮೆಂಟು ಮಾಡುವ ಕಾರ್ಖಾನೆಗಳು ಬಂದವು. ಸಿಮೆಂಟು ಬಂದ ಮೇಲೆ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟುವ ವಿದ್ಯೆ ನಮ್ಮ ಅಂಗಳಗಳಿಂದ ಮೆಲ್ಲನೆ ಮರೆಯಾಯಿತು.

ಇನ್ನು ನನ್ನ ಕಟ್ಟೆಯ ಕಥೆ. 1988ರಲ್ಲಿ ನಾನಿನ್ನೂ ಹೊಸ ಶಿಕ್ಷಕ. ತಾಯಿಯವರ ಮಲ್ಲಿಗೆ ಬಳ್ಳಿಗಾಗಿ ಅಂಗಳದಲ್ಲಿ ಎರಡಡಿ ಎತ್ತರದ ಹೂಪಾತಿ ಮಾಡಿಸಿದೆನು. ಕಾಗಿಣಾ ದಂಡೆಯ ಹಳ್ಳಿಯೊಂದರಲ್ಲಿ ಪಾಳುಬಿದ್ದ ಗುಡಿಯ ಪಕ್ಕ ತಾವರೆಯ ಎಸಳುಗಳ ಪಟ್ಟಿಕೆಯಿದ್ದ ಕಲ್ಲೊಂದು ಬಿದ್ದಿತ್ತು. ಯಾರೂ ಕೇಳುವವರಿರಲಿಲ್ಲ. ಎತ್ತಿನ ಗಾಡಿಯಲ್ಲಿ ಹೇರಿಸಿ ತಂದೆನು. ಸಾಲಿಗೆ ಸರಿಹೊಂದಲೆಂದು ಅದರ ಒಂದು ಮೂಲೆಯನ್ನು ಉಳಿಯಿಂದ ಹೊಡೆಸಿ, ಸಿಮೆಂಟು ಹಾಕಿ ಕೂರಿಸಿದೆನು. ಬಂದವರೆಲ್ಲ ಮೆಚ್ಚಿದರು. ತರಗತಿಯಲ್ಲಿ ನೃಪತುಂಗನ ಪಾಠ ಮಾಡುತ್ತಿದ್ದ ನಾನು ಮನೆಯಲ್ಲಿ ಮಾಡಿದ್ದು ಇದು.

ಅದಕ್ಕೆ ಎರಡೇ ವರ್ಷ ಮುಂಚೆ, 1986ರಲ್ಲಿ, ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಚಂದ್ರಲಾ ಪರಮೇಶ್ವರಿ ದೇವಾಲಯದ ಆವರಣದಲ್ಲಿ ಕಾಳಿಯ ಗುಡಿಯ ಮಾಳಿಗೆ ಕುಸಿದಿತ್ತು. ವಿಗ್ರಹದ ಪೀಠವಾಗಿದ್ದ ಕಲ್ಲು ಅಶೋಕನ ಶಾಸನವೆಂದು ಆಗ ತಿಳಿಯಿತು. ವಿಗ್ರಹವನ್ನು ನಿಲ್ಲಿಸಲು ಹಿಂದೆಂದೋ ಯಾರೋ ಅದರ ನಡುವೆ ತೂತು ಕೊರೆದಿದ್ದರು. ಅಲ್ಲಿದ್ದ ಅಕ್ಷರಗಳು ಶಾಶ್ವತವಾಗಿ ಹೋದವು. ಕೊರೆದವನು ದುಷ್ಟನಲ್ಲ, ಭಕ್ತನೇ ಇದ್ದಿರಬೇಕು. ಅವನಿಗೆ ಓದಲು ಬರುತ್ತಿರಲಿಲ್ಲ, ಅಷ್ಟೇ. ನನಗೆ ಬರುತ್ತಿತ್ತು.

ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ ಇದಕ್ಕೆ ವಿರುದ್ಧವಾದ ಪಾಠವಿದೆ. 1990ರ ದಶಕದಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯು ಅಲ್ಲಿ ಅಗೆದಾಗ ಶಾತವಾಹನರ ಕಾಲದ ಮಹಾಸ್ತೂಪವೊಂದು ಹೊರಬಂದಿತು. ಸ್ತೂಪದ ಒಡಲಿಗೆ ಕೆತ್ತನೆಯ ಸುಣ್ಣಕಲ್ಲಿನ ಹಾಸುಗಳನ್ನು ಸುತ್ತಲೂ ಹೊದಿಸಿದ್ದರು. ಅವುಗಳಲ್ಲಿ ಜಾತಕ ಕಥೆಗಳಿವೆ, ಅರಸರ ಚಿತ್ರಗಳಿವೆ. 'ರಾಯ ಅಸೋಕೊ' ಎಂದು ಬ್ರಾಹ್ಮಿಯಲ್ಲಿ ಹೆಸರು ಬರೆದ ಅಶೋಕನ ಚಿತ್ರವೂ ಇದೆ. ಅನೇಕ ಕಲ್ಲುಗಳು ಮುರಿದಿದ್ದರೂ ತಮ್ಮ ಸ್ತೂಪದ ಬುಡದಲ್ಲಿಯೇ ಮಣ್ಣಿನಡಿ ಉಳಿದಿದ್ದವು. ಆದ್ದರಿಂದಲೇ ವಿದ್ವಾಂಸರು ಅವುಗಳನ್ನು ಒಂದಕ್ಕೊಂದು ಹೊಂದಿಸಿ ಓದಬಲ್ಲವರಾದರು. ಯಾರಾದರೂ ಅಂದವಾಗಿದೆಯೆಂದು ಒಂದೊಂದನ್ನೇ ಅಂಗಳಕ್ಕೆ ಒಯ್ದಿದ್ದರೆ ನಮಗೆ ಉಳಿಯುತ್ತಿದ್ದುದು ಬರಿಯ ಚಿತ್ರಗಳು, ಚರಿತ್ರೆಯಲ್ಲ.

2020ರ ಅಕ್ಟೋಬರಿನ ಮಳೆ ನಿಮಗೆಲ್ಲ ನೆನಪಿದೆ. ಕಾಗಿಣಾ, ಭೀಮಾ ಎರಡೂ ಉಕ್ಕಿ ಹರಿದವು. ಆಗ ನನ್ನ ಕಟ್ಟೆ ಮುಂದಕ್ಕೆ ಉಬ್ಬಿ ಒಂದು ರಾತ್ರಿ ಉರುಳಿತು. ಮತ್ತೆ ಕಟ್ಟಲು ಬಂದ ಮುದುಕ ಕಲ್ಲುಕುಟಿಗನು ಕಾರಣ ವಿವರಿಸಿದನು. ಎರೆಮಣ್ಣು ನೀರು ಕುಡಿದು ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಸಂದುಗಳನ್ನೆಲ್ಲ ಸಿಮೆಂಟಿನಿಂದ ಮುಚ್ಚಿದರೆ ನೀರಿಗೆ ದಾರಿಯಿಲ್ಲ. ಅದು ಗೋಡೆಯನ್ನೇ ದೂಡುತ್ತದೆ. ಅವನು ಮೊದಲ ಸಾಲನ್ನು ನೆಲದೊಳಗೆ ಹುಗಿದನು. ದೊಡ್ಡ ಕಲ್ಲು ಕೆಳಗೆ, ಸಣ್ಣದು ಮೇಲೆ. ಸಂದಿನ ಮೇಲೆ ಸಂದು ಬಾರದಂತೆ ನೋಡಿಕೊಂಡನು. ಗೋಡೆಯನ್ನು ಮಣ್ಣಿನ ಕಡೆಗೆ ತುಸು ವಾಲಿಸಿ, ನಡುನಡುವೆ ಉದ್ದನೆಯ ಕಲ್ಲುಗಳನ್ನು ಒಳಕ್ಕೆ ಚಾಚಿಸಿ, ಹಿಂಬದಿಗೆ ಕಲ್ಲಿನ ಚಕ್ಕೆಗಳನ್ನು ತುಂಬಿದನು. ಸಿಮೆಂಟು ಒಂದು ಚಮಚೆಯೂ ಇಲ್ಲ.

ತಾವರೆಯ ಕಲ್ಲು ಕೈಗೆ ಬಂದಾಗ ಅವನು ಅದರ ಪಟ್ಟಿಕೆಯ ಮೇಲೆ ಬೆರಳಾಡಿಸಿ, "ಮಾಸ್ತರ್ರೇ, ಇದರ ಜೋಡಿ ಕಲ್ಲು ಎಲ್ಲದರಿ?" ಎಂದನು. ಎಸಳುಗಳ ಸಾಲು ಅತ್ತ ಇತ್ತ ಎರಡೂ ಕಡೆ ಮುಂದುವರಿಯಬೇಕಾಗಿತ್ತು. ಮೂವತ್ತೆರಡು ವರ್ಷ ದಿನವೂ ನೋಡಿದ ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ.

ಮರುವರ್ಷ ಆ ಕಲ್ಲನ್ನು ಟೆಂಪೋದಲ್ಲಿ ಹಾಕಿಕೊಂಡು ಆ ಹಳ್ಳಿಗೆ ಹೋದೆನು. ಊರವರು ಅಷ್ಟರಲ್ಲಿ ಗುಡಿಯನ್ನು ದುರಸ್ತಿ ಮಾಡಿ ಗೋಡೆಗೆ ಸುಣ್ಣ ಬಳಿದಿದ್ದರು. ಹಿರಿಯರ ಮುಂದೆ ನಡೆದದ್ದನ್ನು ಹೇಳಿದೆನು. ಯಾರೂ ಬೈಯಲಿಲ್ಲ, ಚಹಾ ಕೊಟ್ಟರು. ಆದರೆ ಕಲ್ಲಿನ ಜಾಗ ಯಾವುದೆಂದು ಯಾರಿಗೂ ಗೊತ್ತಾಗಲಿಲ್ಲ. ಅದು ಮುಚ್ಚಿಹೋಗಿತ್ತು. ಈಗ ಆ ಕಲ್ಲು ಗುಡಿಯ ಬಾಗಿಲ ಪಕ್ಕ ಒರಗಿ ನಿಂತಿದೆ.

ಆದುದರಿಂದ, ಪ್ರಿಯ ಶಿಷ್ಯನೇ, ನಮ್ಮ ಕಡೆಯ ಕಲ್ಲನ್ನು ಧಾರಾಳವಾಗಿ ತರಿಸು. ಖಣಿಗಳ ಬಳಿ ಬೇಡವೆಂದು ಎಸೆದ ತುಂಡುಗಳ ರಾಶಿಯೇ ಇರುತ್ತದೆ. ಹೂಪಾತಿಗೆ ಅವೇ ಸಾಕು. ಬೂದು, ನೀಲಿ ಛಾಯೆಗಳ ಪದರಗಳು ಒಂದರ ಮೇಲೊಂದು ಕೂತಾಗ ಬೇರೆ ಅಲಂಕಾರವೇ ಬೇಡ. ಹಾಳುಗುಡಿಯ ಕಲ್ಲನ್ನು ಮಾತ್ರ ಅದು ಬಿದ್ದಲ್ಲಿಯೇ ಬಿಡು. ಅದರ ಜೋಡಿ ಅಲ್ಲಿಯೇ ಎಲ್ಲೋ ಇರುತ್ತದೆ.